ಚಾಪೆ ಒರೆಸುವವಳ ಪಾಠ

ಬೂಟು ಅಲ್ಲೇ ಬಿಡು, ಹೊಸ್ತಿಲಾಚೆ.
ನರೀನ್ ಪೇಟೆಯ ಕಲ್ಲಿದ್ದಲ ಮಸಿ ಮೆತ್ತಿದ ಹಿಮ
ನನ್ನ ಚಾಪೆಗೆ ಬೇಡ. ಈಗಷ್ಟೇ ಒರೆಸಿದ್ದೇನೆ,
ವಿನೆಗರ್ ಹಾಕಿ, ಎರಡು ಸಲ.

ಜಿಪಾರ್ ಅಂದೆಯಾ ಹೆಸರು? ಬಾ.
ನಾನು ಊಲ್ಕಾನ್. ಹುಡುಗರು ಊಲ್ಕಾನಕ್ಕ ಅಂತಾರೆ,
ಬಕೆಟ್ ಎಡವಿದಾಗ ಮಾತ್ರ.
ಕೋಚ್ ತೋಲೋಮುಶ್ ಬರಲು ಇನ್ನೂ ಇಪ್ಪತ್ತು ನಿಮಿಷ;
ಅವನ ಹಳೇ ಲಾಡಾ ಸೇತುವೆಯ ಮೇಲೆ
ದಿನಕ್ಕೊಮ್ಮೆ ಸತ್ತು ಬದುಕುತ್ತದೆ.
ಅಷ್ಟರಲ್ಲಿ ನಾನೇ ಒಂದಿಷ್ಟು ಹೇಳುತ್ತೇನೆ.
ನಗಬೇಡ. ಹತ್ತೊಂಬತ್ತು ವರ್ಷ ಒರೆಸಿದ್ದೇನೆ ಇದನ್ನು.
ಯಾರು ಎಲ್ಲಿ ಬಿದ್ದರು, ಹೇಗೆ ಬಿದ್ದರು,
ಬೆವರಿನ ಕಲೆ ನೋಡಿಯೇ ಹೇಳಬಲ್ಲೆ.

ಉಗುರು ತೋರಿಸು.
ಹ್ಞೂಂ. ಕತ್ತರಿ ಕಿಟಕಿಯ ಮೇಲಿದೆ.

ಮೊದಲು ನಿಲ್ಲುವುದು.
ನೆಟ್ಟಗಲ್ಲ. ಶಾಲೆಯ ಫೋಟೋಗೆ ನಿಂತ ಹಾಗೆ ನಿಂತರೆ
ಬಾಗಿಲ ಸಂದಿಯ ಗಾಳಿಯೂ ಕೆಡವುತ್ತದೆ.
ಮಂಡಿ ಮಡಿಸು,
ಕುದುರೆ ಹಾಲು ಕರೆಯಲು ಕುಳಿತೂ ಕೂರದ ಹಾಗೆ.
ಮೊಣಕೈ ಪಕ್ಕೆಗೆ ಅಂಟಿರಲಿ,
ಕಂಕುಳಲ್ಲಿ ಕದ್ದ ರೊಟ್ಟಿ ಇದೆ ಅಂದುಕೋ.
ತಲೆ ಎತ್ತು.
ನೆಲ ನೋಡುವವಳು ನೆಲಕ್ಕೇ ಹೋಗುತ್ತಾಳೆ.

ಪಕ್ಕದ ಕೋಣೆಯ ಹುಡುಗರದು ಬೇರೆ ಕುಸ್ತಿ,
ಗ್ರೀಕೋ-ರೋಮನ್. ಅವರು ಸೊಂಟದ ಕೆಳಗೆ ಮುಟ್ಟುವಂತಿಲ್ಲ,
ಅದಕ್ಕೇ ಅಷ್ಟು ಬಿಗಿ ಮುಖ.
ನಮ್ಮದು ಫ್ರೀಸ್ಟೈಲ್. ಇಲ್ಲಿ ಕಾಲೂ ಒಂದು ಬಾಗಿಲು,
ತಟ್ಟದೆ ಒಳಗೆ ನುಗ್ಗಬಹುದು.

ಇಗೋ ಈ ಒರೆಸುವ ಕೋಲು, ನಿನ್ನ ಎದುರಾಳಿ.
ತೂಕ ಐವತ್ತು ಕಿಲೋ ಅಂತಿಟ್ಟುಕೋ, ಸ್ವಭಾವ ಕೆಟ್ಟದ್ದು.
ಹೋಗು, ಕಾಲು ಹಿಡಿ.

ಅಯ್ಯೋ, ಬಾಗಬೇಡ! ಬಾಗುವುದು ಬೇರೆ, ಇಳಿಯುವುದು ಬೇರೆ.
ಬಾಗುವುದು ನನ್ನ ಕಸುಬು, ಬೆಳಗಿನಿಂದ ಸಂಜೆವರೆಗೆ.
ನೀನು ಇಳಿ.
ಮುಂದಿನ ಮಂಡಿ ಅವಳ ಎರಡು ಪಾದಗಳ ನಡುವೆ ಜಾರಲಿ,
ಕಿವಿ ಅವಳ ಪಕ್ಕೆಗೆ ಒತ್ತಲಿ, ಗುಟ್ಟು ಕೇಳುವಂತೆ,
ಕೈ ಮಂಡಿಯ ಹಿಂದೆ ಬೀಗ ಹಾಕಲಿ.
ಈಗ ಏಳು. ತಳ್ಳು. ನಿಲ್ಲಬೇಡ.
ಅರ್ಧ ದಾರಿಯಲ್ಲಿ ಯೋಚಿಸಲು ನಿಂತವರನ್ನೆಲ್ಲ
ನಾನು ಒರೆಸಿದ್ದೇನೆ.

ಅವಳೇ ನಿನ್ನ ಕಾಲಿಗೆ ಬಂದರೆ?
ಎರಡೂ ಕಾಲು ಹಿಂದಕ್ಕೆ ಎಸೆ,
ಹೊಳೆಯಲ್ಲಿ ನೆನೆದ ಕಂಬಳಿಯ ಹಾಗೆ
ಅವಳ ಬೆನ್ನ ಮೇಲೆ ಬೀಳು. ಒದ್ದೆ ಕಂಬಳಿಯನ್ನು
ಒಬ್ಬಳೇ ಎತ್ತಿದವಳನ್ನು ನಾನು ಕಂಡಿಲ್ಲ.

ಅಂಕ? ಕೆಡವಿ ಮೇಲೆ ಬಂದರೆ ಎರಡು,
ವೃತ್ತದಾಚೆ ಮೆಟ್ಟಿಸಿದರೆ ಒಂದು.
ಮೂರು ಮೂರು ನಿಮಿಷ, ಎರಡು ಸಲ.
ಹತ್ತು ಅಂಕ ಮುಂದಾದರೆ ಅಲ್ಲಿಗೇ ಸೀಟಿ.
ಆದರೆ ಎರಡು ಹೆಗಲೂ ಚಾಪೆಗೆ ತಾಗಿದವೋ,
ಕೂಡಿಟ್ಟ ಲೆಕ್ಕವೆಲ್ಲ ನೀರುಪಾಲು.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ
ಗಂಡಸರು ಹೇಳಿಕೊಂಡು ತಿರುಗಲಿ.
ಇಲ್ಲಿ ಮಣ್ಣಿಲ್ಲ, ನಿನಗೆ ಮೀಸೆಯಿಲ್ಲ.
ಬಿದ್ದರೆ ಬಿದ್ದೆ. ಎದ್ದು ಕೈ ಕುಲುಕು.

ಬೀಳುವಾಗ ಕೈ ಊರಬೇಡ, ಇದೊಂದು ಮರೆಯಬೇಡ.
ಗದ್ದ ಎದೆಗೆ, ಬೆನ್ನು ತೊಟ್ಟಿಲಿನಂತೆ ದುಂಡಗೆ.
ನೋಡು, ಹೀಗೆ.

ಏನು ಹಾಗೆ ನೋಡುತ್ತೀ?
ನನ್ನ ಕಾಲದಲ್ಲಿ ಹುಡುಗಿಯರು ಇಲ್ಲಿಗೆ
ಚಹಾ ತರುತ್ತಿದ್ದರು, ಟವೆಲ್ ಒಗೆಯುತ್ತಿದ್ದರು.
ಒಮ್ಮೆ ಹುಲ್ಲಿನ ಬಣವೆಯಲ್ಲಿ ಅಣ್ಣನನ್ನು ಚಿತ್ ಮಾಡಿದ್ದೆ.
ಅವ್ವ ಸೌಟು ಮುರಿದಳು,
ನನ್ನ ಮೇಲೆ.
ಈಗ ರಾತ್ರಿ ಬೀಗ ಹಾಕುವ ಮುನ್ನ
ದೀಪ ಆರಿಸಿ, ಒಂದೇ ಒಂದು ಸಲ,
ಖಾಲಿ ಚಾಪೆಯ ಮೇಲೆ ಇಳಿಯುತ್ತೇನೆ.
ಎದುರಿಗೆ ಯಾರಿರುತ್ತಾರೆ ಅಂತ ಕೇಳಬೇಡ.
ಮಂಡಿ ಮಾತ್ರ ಮರುದಿನ ಬಯ್ಯುತ್ತದೆ.

ಕೇಳಿಸಿತಾ? ಲಾಡಾ. ಕೆಮ್ಮುತ್ತಾ ಬಂತು.
ತೋಲೋಮುಶ್‌ನ ಕಿವಿ ನೋಡಿ ಬೆಚ್ಚಬೇಡ,
ಮುದುಡಿದ ಹೂಕೋಸಿನ ಹಾಗಿವೆ; ಮನುಷ್ಯ ಮೆತ್ತಗೆ.
ಕೋಲು ಇತ್ತ ಕೊಡು, ನಾನೇನೂ ಹೇಳಿಲ್ಲ.
ಏನೂ ಗೊತ್ತಿಲ್ಲದವಳ ಹಾಗೆ ಸುಮ್ಮನೆ ನಿಂತಿರು...

ಅಯ್ಯೋ ಹುಡುಗೀ,
ನೆಟ್ಟಗಲ್ಲ.